ಲಾ ಕಾಲೇಜು ಆರಿಸುವ ಮುಂಚೆ ಕೋರ್ಟ್ ಆರಿಸಿಕೊಳ್ಳಿ

ಮೈಸೂರಿನಿಂದ ನಿಪ್ಪಾಣಿಗೆ ವರ್ಗವಾಗಿ ಬಂದಿದ್ದೀರಿ. ಮಗಳ ಪಿಯುಸಿ ಮುಗಿದಿದೆ, ಲಾ ಓದುತ್ತೇನೆ ಅನ್ನುತ್ತಿದ್ದಾಳೆ. ಬೆಳಗಾವಿ ಸಾಕಾ, ಬೆಂಗಳೂರಿಗೇ ಕಳಿಸಬೇಕಾ, ಇಲ್ಲ ಪಕ್ಕದ ಕೊಲ್ಹಾಪುರ ನೋಡೋಣವಾ ಅಂತ ಕೇಳಿದ್ದೀರಿ. ನಾನು ಇದೇ ಭಾಗದಲ್ಲಿ ಓದಿ ಇಲ್ಲೇ ವಕೀಲಿಕೆ ಮಾಡುವವನು. ನಿಮ್ಮ ಪ್ರಶ್ನೆಗೆ ಮೊದಲು ಒಂದು ಮರುಪ್ರಶ್ನೆ: ಓದು ಮುಗಿದ ಮೇಲೆ ಅವಳು ಯಾವ ಕೋರ್ಟಿನಲ್ಲಿ ನಿಲ್ಲಬೇಕು ಅಂದುಕೊಂಡಿದ್ದಾಳೆ?

ಇಲ್ಲಿ ಈ ಪ್ರಶ್ನೆ ಸುಮ್ನೆ ಕೇಳುವುದಲ್ಲ. ಬೆಳಗಾವಿ ಮತ್ತು ಬಾಗಲಕೋಟೆಯ ಮೇಲ್ಮನವಿಗಳು ಹೈಕೋರ್ಟಿನ ಧಾರವಾಡ ಪೀಠಕ್ಕೆ ಹೋಗುತ್ತವೆ. ಪಕ್ಕದ ವಿಜಯಪುರದವು ಕಲಬುರಗಿ ಪೀಠಕ್ಕೆ. ಎರಡೂ 2008ರಲ್ಲಿ ಸಂಚಾರಿ ಪೀಠಗಳಾಗಿ ಶುರುವಾಗಿ, 2013ರಲ್ಲಿ ಕಾಯಂ ಆದವು. ಅದಕ್ಕೂ ಮುಂಚೆ ಎಲ್ಲದಕ್ಕೂ ರಾತ್ರಿ ಬಸ್ ಹತ್ತಿ ಬೆಂಗಳೂರಿಗೆ ಹೋಗಬೇಕಿತ್ತು. ಈಗ ಬೆಳಗಾವಿಯ ವಕೀಲರು ಬೆಳಿಗ್ಗೆ ಹೊರಟು ಧಾರವಾಡದಲ್ಲಿ ಕೇಸು ಮುಗಿಸಿ ಸಂಜೆಗೆ ಮನೆಗೆ ಬರುತ್ತಾರೆ. ಹೈಕೋರ್ಟಿನಲ್ಲಿ ವಾದ ಮಾಡಬೇಕು ಅಂದರೆ ಬೆಂಗಳೂರಿನಲ್ಲೇ ಇರಬೇಕು ಅನ್ನುವ ಕಾಲ ಹೋಯಿತು.

ಕೊಲ್ಹಾಪುರ ನಿಮಗೆ ಬೆಳಗಾವಿಗಿಂತ ಹತ್ತಿರ, ನಿಜ. 2025ರ ಆಗಸ್ಟ್‌ನಿಂದ ಅಲ್ಲಿ ಬಾಂಬೆ ಹೈಕೋರ್ಟಿನ ಸಂಚಾರಿ ಪೀಠವೂ ಕೂತಿದೆ. ಆದರೆ ಅಲ್ಲಿ ಸೀಟು ಬೇಕೆಂದರೆ ಮಹಾರಾಷ್ಟ್ರದ ಸಿಇಟಿ ಬರೆಯಬೇಕು. ಕೆಳಗಿನ ಕೋರ್ಟುಗಳಲ್ಲಿ ನಡೆಯುವುದು ಮರಾಠಿ. ಮರಾಠಿ ಓದಲು ಬರೆಯಲು ಬಾರದ ಮೈಸೂರಿನ ಹುಡುಗಿಗೆ ಅದು ಯಾಕೆ?

ಇನ್ನು ನಮ್ಮ ಕಡೆಯ ಕಾಲೇಜುಗಳು. ಬೆಳಗಾವಿಯ ತಿಲಕವಾಡಿಯಲ್ಲಿರುವ ರಾಜಾ ಲಖಮಗೌಡ ಲಾ ಕಾಲೇಜು 1939ರದ್ದು. ನಡೆಸುವವರು ಕರ್ನಾಟಕ ಲಾ ಸೊಸೈಟಿ. 1989ರಲ್ಲಿ ದೇಶದ ಮುಖ್ಯ ನ್ಯಾಯಮೂರ್ತಿಯಾದ ಇ.ಎಸ್. ವೆಂಕಟರಾಮಯ್ಯ, ಅಟಾರ್ನಿ ಜನರಲ್ ಆಗಿದ್ದ ಕೆ.ಕೆ. ವೇಣುಗೋಪಾಲ್ ಓದಿದ ಜಾಗ ಅದು. ಊರಿನವರು ಇದನ್ನು ಹೆಮ್ಮೆಯಿಂದ ಹೇಳುತ್ತಾರೆ, ನಾನೂ ಹೇಳುತ್ತೇನೆ. ಆದರೆ ಆ ಹೆಸರುಗಳು ಹಳೆಯವು. ಈ ವರ್ಷ ಕ್ಲಾಸಿನಲ್ಲಿ ಯಾರು ಪಾಠ ಮಾಡುತ್ತಾರೆ ಅನ್ನುವುದನ್ನು ಈಗ ಓದುತ್ತಿರುವ ಹುಡುಗರನ್ನೇ ಕೇಳಬೇಕು. ಬೆಳಗಾವಿಯಲ್ಲೇ ಕೆಎಲ್‌ಇಯವರ ಬಿ.ವಿ. ಬೆಲ್ಲದ ಕಾಲೇಜು ಇದೆ. ಬಾಗಲಕೋಟೆಯಲ್ಲಿ ಬಿವಿವಿ ಸಂಘದ ಎಸ್.ಸಿ. ನಂದಿಮಠ ಕಾಲೇಜು, ವಿಜಯಪುರದಲ್ಲಿ ಅಂಜುಮನ್ ಕಾಲೇಜು. ಎಲ್ಲವೂ ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದವು. ಸಿಲಬಸ್ ಒಂದೇ, ಪರೀಕ್ಷೆ ಒಂದೇ, ಪದವಿಯೂ ಒಂದೇ. ಕ್ಲಾಟ್, ಅಂದರೆ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ, ಬೇಕಿಲ್ಲ, ಅಂಕಗಳ ಮೇಲೆ ಸೀಟು. ಪಿಯುಸಿಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 45 ಇದ್ದರೆ ಐದು ವರ್ಷದ ಕೋರ್ಸಿಗೆ ಅರ್ಹತೆ ಬಂತು. ಉತ್ತರವನ್ನು ಕನ್ನಡದಲ್ಲೂ ಬರೆಯಬಹುದು.

ಹಾಗಾದರೆ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ? ಮಗಳಿಗೆ ಇಂಗ್ಲಿಷ್ ಚೆನ್ನಾಗಿದ್ದು, ಕಂಪನಿ ಕೆಲಸ ಅಥವಾ ದೊಡ್ಡ ಲಾ ಫರ್ಮ್ ಕಡೆ ಮನಸ್ಸಿದ್ದರೆ ಕ್ಲಾಟ್ ಬರೆಸಿ. ಎರಡು ಗಂಟೆ, 120 ಪ್ರಶ್ನೆ, ಎಲ್ಲ ಇಂಗ್ಲಿಷಿನಲ್ಲಿ. ಸೀಟು ಸಿಕ್ಕರೆ ಯೋಚನೆ ಮಾಡದೆ ಕಳಿಸಿ, ಫೀಸು ಲಕ್ಷಗಳಲ್ಲಿದ್ದರೂ. ಅದು ಸಿಗಲಿಲ್ಲ ಅಂತ ಬೆಂಗಳೂರಿನಲ್ಲಿ ಯಾವುದೋ ಒಂದು ಖಾಸಗಿ ಕಾಲೇಜಿಗೆ ಅಷ್ಟೇ ದುಡ್ಡು ಸುರಿಯುವವರನ್ನು ಕಂಡರೆ ಮಾತ್ರ ನನಗೆ ಅರ್ಥವಾಗುವುದಿಲ್ಲ.

ಯಾಕೆಂದರೆ ಇಲ್ಲಿನ ಕೆಲಸವನ್ನು ಇಲ್ಲೇ ಕಲಿಯಬೇಕು. ಒಂದು ಉದಾಹರಣೆ ಹೇಳುತ್ತೇನೆ. ಅಥಣಿ ಕಡೆಯ ಅಜ್ಜ ಒಬ್ಬರು ಕೈಚೀಲ ಹಿಡಿದು ಬರುತ್ತಾರೆ. ಒಳಗೆ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಕಾಗದಗಳು. ಮೇಲಿರುವುದು ಭೂಮಿ ಕೇಂದ್ರದ ಕನ್ನಡ ಉತಾರ, ಅಂದರೆ ನಿಮ್ಮ ಕಡೆಯ ಪಹಣಿ. ಅದರ ಕೆಳಗೆ ಅಪ್ಪನ ಕಾಲದ ವಾಟ್ನಿ ಪತ್ರ, ಅಂದರೆ ಆಸ್ತಿ ಪಾಲಿನ ಪತ್ರ, ಅದು ಮರಾಠಿಯಲ್ಲಿ. 1956ರವರೆಗೆ ಈ ಜಿಲ್ಲೆಗಳೆಲ್ಲ ಬಾಂಬೆ ರಾಜ್ಯದಲ್ಲಿದ್ದವು, ನೋಡಿ. ಎಲ್ಲಕ್ಕಿಂತ ಕೆಳಗೆ ಮೋಡಿ ಲಿಪಿಯ, ಅಂದರೆ ಹಿಂದೆ ಮರಾಠಿ ಬರೆಯುತ್ತಿದ್ದ ಕೂಡಕ್ಷರದ, ಒಂದು ಹಾಳೆ, ಅದನ್ನು ಓದಲು ಬೇರೆಯವರನ್ನೇ ಹುಡುಕಬೇಕು. ಅರ್ಧ ಹೊಲ ಅಥಣಿಯಲ್ಲಿ, ಇನ್ನರ್ಧ ಗಡಿಯಾಚೆ ಮಹಾರಾಷ್ಟ್ರದ ಜತ್ತ ತಾಲೂಕಿನಲ್ಲಿ, ಅದಕ್ಕೆ ಅಲ್ಲಿನ ಪಹಣಿಯಾದ ಸಾತಬಾರಾ. ಅಜ್ಜನ ಮಾತು ಕನ್ನಡ. ದಾವೆ ಎಲ್ಲಿ ಹಾಕಬೇಕು? ಆಸ್ತಿ ಎರಡು ಕೋರ್ಟುಗಳ ವ್ಯಾಪ್ತಿಯಲ್ಲಿದ್ದರೆ ಯಾವುದಾದರೂ ಒಂದರಲ್ಲಿ ಹಾಕಬಹುದು ಅಂತ ಸಿವಿಲ್ ಪ್ರಕ್ರಿಯಾ ಸಂಹಿತೆಯ 17ನೇ ಕಲಂ ಹೇಳುತ್ತದೆ. ಪುಸ್ತಕದಲ್ಲಿ ಅದು ಕೆಲವೇ ಸಾಲು. ಅಜ್ಜನ ಚೀಲ ಬಿಚ್ಚಿದಾಗಲೇ ಅದರ ಬೆಲೆ ಗೊತ್ತಾಗುವುದು. ಐದು ವರ್ಷ ಬೆಳಗಾವಿಯಲ್ಲಿ ಓದುತ್ತಾ ಬಿಡುವಿನಲ್ಲಿ ಕೋರ್ಟಿಗೆ ಹೋಗಿ ಕೂತ ಹುಡುಗಿ ಇಂಥ ಚೀಲಗಳನ್ನು ಬೇಕಾದಷ್ಟು ನೋಡಿರುತ್ತಾಳೆ.

ಬಾಗಲಕೋಟೆ ಮತ್ತು ವಿಜಯಪುರದ ಕಥೆ ಬೇರೆ. ಅಲ್ಲಿ ಆಲಮಟ್ಟಿ ಹಿನ್ನೀರು. ಹಳೆ ಬಾಗಲಕೋಟೆಯ ಎಷ್ಟೋ ಭಾಗ ಮುಳುಗಿ ನವನಗರ ಎದ್ದಿತು. ಹಳ್ಳಿಗಳು, ಹೊಲಗಳು ಹೋದವು. ಸರ್ಕಾರ ಕೊಟ್ಟ ಪರಿಹಾರ ಕಡಿಮೆ ಅಂತ ರೈತರು ಕೋರ್ಟಿಗೆ ಹೋದರು, ಈಗಲೂ ಹೋಗುತ್ತಿದ್ದಾರೆ. ಅಣೆಕಟ್ಟೆಯಲ್ಲಿ ನೀರು ನಿಲ್ಲಿಸುವ ಮಟ್ಟವನ್ನು 519.6 ಮೀಟರಿನಿಂದ 524.256ಕ್ಕೆ ಏರಿಸುವ ಕೆಲಸ ಬಾಕಿ ಇರುವುದರಿಂದ ಈ ಕೇಸುಗಳು ಸದ್ಯಕ್ಕೆ ಮುಗಿಯುವುದಿಲ್ಲ. ಭೂಸ್ವಾಧೀನದ ಕಾನೂನನ್ನು ಅರೆದು ಕುಡಿದ ಸೀನಿಯರ್‌ಗಳು ಬೇಕೆಂದರೆ ಅಲ್ಲಿಗೇ ಹೋಗಬೇಕು. ಆ ಕೆಲಸ ಇಷ್ಟವಾದರೆ ನಂದಿಮಠ ಕಾಲೇಜಿನಲ್ಲಿ ಓದುವುದೇ ಜಾಣತನ.

ಜಡ್ಜ್ ಆಗುವ ಆಸೆ ಇದ್ದರೆ ಒಂದು ವಿಷಯ ಈಗಲೇ ತಿಳಿದಿರಲಿ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಮೂರು ವರ್ಷದ ವಕೀಲಿಕೆಯನ್ನು ಮತ್ತೆ ಕಡ್ಡಾಯ ಮಾಡಿತು. ಅಂದರೆ ಪದವಿ ಮುಗಿದ ಕೂಡಲೇ ಸಿವಿಲ್ ಜಡ್ಜ್ ಪರೀಕ್ಷೆ ಬರೆಯುವಂತಿಲ್ಲ. ಆ ಮೂರು ವರ್ಷ ಕೈಯಲ್ಲಿ ದುಡ್ಡು ಓಡಾಡುವುದಿಲ್ಲ. ಜೂನಿಯರ್‌ಗೆ ಸೀನಿಯರ್ ಕೊಡುವುದು ಎಷ್ಟೋ ಕಡೆ ಪೆಟ್ರೋಲಿಗೂ ಸಾಲದು. ಬೆಂಗಳೂರಿನಲ್ಲಿ ಬಾಡಿಗೆ ಕಟ್ಟಿಕೊಂಡು ಇದನ್ನು ದಾಟುವುದು ಕಷ್ಟ, ಅಲ್ವಾ? ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗದ ಹೊಸ ವಕೀಲರಿಗೆ ಸರ್ಕಾರದ ತರಬೇತಿ ಭತ್ಯೆ ಇದೆ, ಜಿಲ್ಲಾ ಕಚೇರಿಯಲ್ಲಿ ಕೇಳಿ. ಸನ್ನದು, ಅಂದರೆ ವಕೀಲಿಕೆಯ ಪರವಾನಗಿ, ಪಡೆಯುವ ಖರ್ಚು ಕೂಡ ಇಳಿದಿದೆ. ನೋಂದಣಿಗೆ ಸಾಮಾನ್ಯ ವರ್ಗದಿಂದ 750 ರೂಪಾಯಿಗಿಂತ ಜಾಸ್ತಿ ಶುಲ್ಕ ಕೇಳುವಂತಿಲ್ಲ ಅಂತ 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

"ಹಾಜರಾತಿ ನಾವು ನೋಡಿಕೊಳ್ಳುತ್ತೇವೆ, ಪರೀಕ್ಷೆಗೆ ಬಂದರೆ ಸಾಕು" ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಬಾರ್ ಕೌನ್ಸಿಲ್ ನಿಯಮದಲ್ಲಿ ಶೇ. 70 ಹಾಜರಾತಿ ಬೇಕು. ಅಂಚೆ ಮೂಲಕ ಓದಿದ ಲಾ ಪದವಿಗೆ ಸನ್ನದು ಸಿಗುವುದಿಲ್ಲ. ಕಾಲೇಜಿಗೆ ಹೋದಾಗ ಲೈಬ್ರರಿಗೂ ಹೋಗಿ. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಹೊಸ ಪುಸ್ತಕಗಳು ಕಪಾಟಿನಲ್ಲಿ ಇಲ್ಲದಿದ್ದರೆ ಆ ಕಾಲೇಜು ಹೇಗೆ ನಡೆಯುತ್ತಿದೆ ಅಂತ ನಿಮಗೇ ತಿಳಿಯುತ್ತದೆ.

ನಿಮ್ಮ ಮಾತಿನಿಂದ ಮಗಳಿಗೆ ಕೋರ್ಟಿನ ಆಸೆಯೇ ಇದ್ದಂತಿದೆ. ಹಾಗಿದ್ದರೆ ಬೆಳಗಾವಿಗೇ ಸೇರಿಸಿ. ನಿಪ್ಪಾಣಿಯಿಂದ ದಿನಾ ಓಡಾಡಿಸಬೇಡಿ, ಒಂದು ಕಡೆಗೆ ಸುಮಾರು 75 ಕಿಲೋಮೀಟರ್ ಆಗುತ್ತದೆ, ಸಂಜೆ ಕೋರ್ಟಿಗೋ ಲೈಬ್ರರಿಗೋ ಹೋಗಲು ಸಮಯವೇ ಉಳಿಯುವುದಿಲ್ಲ. ತಿಲಕವಾಡಿ ಸುತ್ತ ಹುಡುಗಿಯರ ಪಿಜಿಗಳನ್ನು ಜೂನ್‌ಗೆ ಮುಂಚೆಯೇ ನೋಡಿಡಿ. ಮರಾಠಿ ಮಾತಾಡುವುದನ್ನು ನಿಪ್ಪಾಣಿ ಸಂತೆಯೇ ಕಲಿಸುತ್ತದೆ. ಓದುವುದಕ್ಕೆ ಮಾತ್ರ ಈ ರಜೆಯಲ್ಲೇ ಯಾರ ಹತ್ತಿರವಾದರೂ ಪಾಠಕ್ಕೆ ಹಾಕಿ.