ಕ್ಯಾಮೆರಾ ಕೇಳಿ–ಹೇಳಿ: ಹಳೇ ಲೆನ್ಸಿನ ಹುಟ್ಟುಗುಣ

ಫಿಲ್ಮ್ ಕಾಲದ ಲೆನ್ಸ್‌ಗಳನ್ನು ಇವತ್ತಿನ ಡಿಜಿಟಲ್ ಬಾಡಿಗೆ ಹಾಕುವ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಆರನ್ನು ಇಲ್ಲಿ ಎತ್ತಿಕೊಂಡಿದ್ದೇವೆ. ಹೆಚ್ಚಿನವು ರಷ್ಯಾದ ಹೀಲಿಯೋಸ್ 44-2 ಕುರಿತೇ ಇದ್ದವು, ಹಾಗಾಗಿ ಉತ್ತರಗಳಲ್ಲೂ ಅದರದ್ದೇ ಕಾರುಬಾರು.

ಪ್ರಶ್ನೆ (ದಾವಣಗೆರೆ): ನಮ್ಮ ಮಾವನವರ ಝೆನಿಟ್ ಕ್ಯಾಮೆರಾ ಕೆಟ್ಟು ಕೂತಿದೆ. ಅದರ ಹೀಲಿಯೋಸ್ 44-2 ಲೆನ್ಸ್ ಮಾತ್ರ ಚೆನ್ನಾಗಿದೆ. ನನ್ನ ಸೋನಿ ಎ6400ಕ್ಕೆ ಹಾಕಬಹುದೇ?

ಉತ್ತರ: ಧಾರಾಳವಾಗಿ ಹಾಕಿ. ಬೇಕಾಗುವುದು ಎಂ42ರಿಂದ ಸೋನಿ ಇ ಮೌಂಟಿಗೆ (ಬಾಡಿಯಲ್ಲಿ ಲೆನ್ಸ್ ಕೂರುವ ಬಾಯಿ) ಹೋಗುವ ಅಡಾಪ್ಟರ್ ಒಂದೇ. ಒಳಗೆ ಗಾಜಿಲ್ಲ, ಬರೀ ಲೋಹದ ಕೊಳವೆ. ಎಂ42 ಅಂದರೆ 42 ಮಿ.ಮೀ. ವ್ಯಾಸದ ತಿರುಪು. ಈ ತಿರುಪಿನ ಲೆನ್ಸ್ ಸೆನ್ಸರಿನಿಂದ 45.46 ಮಿ.ಮೀ. ದೂರದಲ್ಲಿ ಕೂರಬೇಕು. ಸೋನಿ ಬಾಡಿಯ ಮೌಂಟಿನಿಂದ ಸೆನ್ಸರಿಗೆ ಇರುವುದು 18 ಮಿ.ಮೀ. ಉಳಿದ 27.46 ಮಿ.ಮೀ. ತುಂಬಿಕೊಡುವುದೇ ಅಡಾಪ್ಟರಿನ ಕೆಲಸ. ನಿಕಾನ್ ಝಡ್‌ನಲ್ಲಿ ಈ ದೂರ 16, ಕ್ಯಾನನ್ ಆರ್‌ಎಫ್‌ನಲ್ಲಿ 20. ಕನ್ನಡಿಯಿಲ್ಲದ ಈ ಬಾಡಿಗಳಲ್ಲಿ ಜಾಗ ಇಷ್ಟು ಮಿಗುವುದರಿಂದಲೇ ಹಳೇ ಲೆನ್ಸುಗಳಿಗೆ ಮತ್ತೆ ಬೇಡಿಕೆ ಬಂದಿರುವುದು.

ಆದರೆ ಅಡಾಪ್ಟರಿನ ದಪ್ಪ ಕರಾರುವಾಕ್ಕಾಗಿರಬೇಕು. ಹತ್ತನೇ ಒಂದು ಮಿ.ಮೀ. ದಪ್ಪ ಹೆಚ್ಚಾದರೂ 58 ಮಿ.ಮೀ. ಲೆನ್ಸಿಗೆ ಸುಮಾರು 34 ಮೀಟರ್ ಆಚೆ ಫೋಕಸ್ ಸಿಗುವುದಿಲ್ಲ. ಬೆಟ್ಟ, ಗೋಪುರ ಎಲ್ಲ ಮಬ್ಬು. ಈ ಭಯಕ್ಕೇ ಅಗ್ಗದ ಅಡಾಪ್ಟರ್‌ಗಳನ್ನು ಕೊಂಚ ತೆಳ್ಳಗೆ ಮಾಡುತ್ತಾರೆ. ಆಗ ಫೋಕಸ್ ಇನ್ಫಿನಿಟಿಯನ್ನೂ (ಅತಿ ದೂರದ ವಸ್ತುವಿಗೆ ಹೊಂದುವ ಜಾಗ) ದಾಟಿ ಹೋಗುತ್ತದೆ. ಅದರಿಂದ ನಷ್ಟವೇನಿಲ್ಲ, ಚಂದ್ರನನ್ನು ತೆಗೆಯುವಾಗ ರಿಂಗನ್ನು ಕೊನೆವರೆಗೆ ತಿರುಗಿಸಿ ಬಿಡಬೇಡಿ, ಅಷ್ಟೇ. ಲೆನ್ಸಿನ ಮೇಲಿನ ಮೀಟರ್ ಗುರುತುಗಳನ್ನೂ ನಂಬಬೇಡಿ.

ಮೆನುವಿನಲ್ಲಿ ‘ರಿಲೀಸ್ ವಿತೌಟ್ ಲೆನ್ಸ್’ ಆನ್ ಮಾಡಿ. ಇಲ್ಲದಿದ್ದರೆ ಲೆನ್ಸೇ ಇಲ್ಲವೆಂದು ತಿಳಿದು ಕ್ಯಾಮೆರಾ ಕ್ಲಿಕ್ಕಾಗುವುದಿಲ್ಲ. ಫೋಕಸ್ ಆದ ಅಂಚಿಗೆ ಬಣ್ಣ ಹಚ್ಚಿ ತೋರಿಸುವ ಫೋಕಸ್ ಪೀಕಿಂಗ್ ಹಾಕಿಕೊಳ್ಳಿ, ಒಂದು ಬಟನ್ನಿಗೆ ಫೋಕಸ್ ಮ್ಯಾಗ್ನಿಫೈ ಕೊಡಿ. ಮುಖ ತೆಗೆಯುವಾಗ ಪೀಕಿಂಗ್ ಒಂದನ್ನೇ ನೆಚ್ಚಿಕೊಂಡರೆ ಕಣ್ಣಿನ ಬದಲು ಕಿವಿ ಶಾರ್ಪ್ ಆಗಿರುತ್ತದೆ. ದೊಡ್ಡದು ಮಾಡಿ ರೆಪ್ಪೆ ನೋಡಿಕೊಂಡೇ ಒತ್ತಿ. ಎ6400ರ ಸೆನ್ಸರಿನಲ್ಲಿ 58 ಮಿ.ಮೀ. ನೋಟ ಸುಮಾರು 87 ಮಿ.ಮೀ.ನಷ್ಟು ಬಿಗಿಯಾಗುತ್ತದೆ, ಬಾಡಿಯಲ್ಲಿ ಕೈ ನಡುಕ ಸರಿದೂಗಿಸುವ ಸ್ಥಿರೀಕರಣವೂ ಇಲ್ಲ. ಆದ್ದರಿಂದ ಶಟರ್ 1/125ಕ್ಕಿಂತ ಇಳಿಸಬೇಡಿ. ಸ್ಥಿರೀಕರಣ ಇರುವ ಬಾಡಿಯಾದರೆ ಮೆನುವಿನಲ್ಲಿ 58 ಎಂದು ಕೈಯಾರೆ ತುಂಬಬೇಕು. ತಪ್ಪು ಸಂಖ್ಯೆ ಇದ್ದರೆ ಅದೇ ಚಿತ್ರ ಅಲುಗಿಸುತ್ತದೆ.

ಈ ಲೆನ್ಸಿನಲ್ಲಿ ಅಪರ್ಚರಿಗೆ (ಬೆಳಕು ಬಿಡುವ ಕಿಂಡಿ) ಎರಡು ರಿಂಗುಗಳಿರುವುದನ್ನು ಗಮನಿಸಿ. ಸಂಖ್ಯೆಗಳಿರುವ ರಿಂಗ್ ಮಿತಿ ಹಾಕುತ್ತದೆ. ಇನ್ನೊಂದು ಸದ್ದಿಲ್ಲದೆ ಜಾರುತ್ತದೆ, ಪೂರ್ತಿ ತೆರೆದ ಎಫ್/2ರಿಂದ ನೀವು ಹಾಕಿದ ಮಿತಿವರೆಗೆ. ಮೊದಲನೆಯದನ್ನು ಎಫ್/5.6ಕ್ಕಿಟ್ಟು, ಎರಡನೆಯದನ್ನು ಪೂರ್ತಿ ತೆರೆದು ಫೋಕಸ್ ಮಾಡಿ, ಆಮೇಲೆ ತಡೆಯುವ ತನಕ ಜಾರಿಸಿ ಕ್ಲಿಕ್ ಮಾಡಿ. ವಿಡಿಯೊ ಮಾಡುವವರು ಮಿತಿಯನ್ನು ಎಫ್/16ರಲ್ಲಿಟ್ಟರೆ ಟಕಟಕ ಸದ್ದಿಲ್ಲದ ಅಪರ್ಚರ್ ಪುಕ್ಕಟೆ ಸಿಕ್ಕಂತೆ.

ಪ್ರಶ್ನೆ (ಉಡುಪಿ): ನಿಕಾನ್ ಡಿ5600ಕ್ಕೆ ಇದೇ ಲೆನ್ಸನ್ನು ತೆಳು ಉಂಗುರದ ಅಡಾಪ್ಟರಿನಲ್ಲಿ ಹಾಕಿದೆ. ಹತ್ತಿರದ ಹೂವು ಶಾರ್ಪ್, ಅಂಗಳದಾಚೆಯದು ಏನೂ ಕಾಣದು. ಲೆನ್ಸ್ ಕೆಟ್ಟಿದೆಯೇ?

ಉತ್ತರ: ಲೆನ್ಸ್ ಸರಿಯಾಗಿದೆ, ಲೆಕ್ಕ ಕೂಡುತ್ತಿಲ್ಲ. ನಿಕಾನ್ ಎಫ್ ಮೌಂಟಿನ ದೂರ 46.5 ಮಿ.ಮೀ. ಲೆನ್ಸಿಗೆ ಬೇಕಾದದ್ದು 45.46. ಅಡಾಪ್ಟರ್ ಹಾಕುವ ಮುಂಚೆಯೇ 1 ಮಿ.ಮೀ. ದೂರ ಹೆಚ್ಚಾಗಿದೆ. ಉಂಗುರದ ದಪ್ಪ ಇನ್ನೊಂದು ಮಿ.ಮೀ. ಇದ್ದರೆ ಒಂದೂವರೆ ಮೀಟರ್ ಚಿಲ್ಲರೆಯಿಂದಾಚೆ ಫೋಕಸ್ ಹೋಗದು. ಮಧ್ಯೆ ಗಾಜಿರುವ ಅಡಾಪ್ಟರ್ ಸಿಗುತ್ತದೆ, ಇನ್ಫಿನಿಟಿಯೂ ಸಿಗುತ್ತದೆ. ಆದರೆ ಎಫ್/2ರಲ್ಲಿ ಆ ಅಗ್ಗದ ಗಾಜು ಚಿತ್ರಕ್ಕೆ ಹಾಲು ಬಳಿದಂತೆ ಮಾಡುತ್ತದೆ. ನಮ್ಮ ಮಟ್ಟಿಗೆ ಅದು ದುಡ್ಡು ದಂಡ. ಕ್ಯಾನನ್ ಇಎಫ್ ಬಾಡಿಯಲ್ಲಿ ದೂರ 44 ಮಿ.ಮೀ. ಆದ್ದರಿಂದ ಅಲ್ಲಿ ಗಾಜಿಲ್ಲದ ತೆಳು ಉಂಗುರವೇ ಸಾಕು.

ನಿಮ್ಮ ಡಿ5600ಕ್ಕೆ ಹಳೇ ನಿಕ್ಕರ್ ಎಐ 50 ಮಿ.ಮೀ. ಎಫ್/1.8 ಹುಡುಕಿ, ಅಡಾಪ್ಟರೇ ಬೇಡ. ಎಲ್ಲವನ್ನೂ ಕೈಯಾರೆ ಹಾಕುವ ಎಂ ಮೋಡ್‌ನಲ್ಲಿ ಮಾತ್ರ ನಡೆಯುತ್ತದೆ, ಬೆಳಕು ಅಳೆಯುವ ಮೀಟರ್ ಕೆಲಸ ಮಾಡುವುದಿಲ್ಲ. ಒಂದು ಫೋಟೊ ತೆಗೆದು ಹಿಸ್ಟೋಗ್ರಾಂ (ಚಿತ್ರದ ಬೆಳಕಿನ ಹಂಚಿಕೆ ತೋರುವ ನಕ್ಷೆ) ನೋಡಿ ತಿದ್ದಿಕೊಳ್ಳಿ.

ಪ್ರಶ್ನೆ (ಮೈಸೂರು): ಹೀಲಿಯೋಸಿನಲ್ಲಿ ಹಿನ್ನೆಲೆ ಸುಳಿಯಂತೆ ಸುತ್ತುತ್ತದೆ ಎನ್ನುತ್ತಾರೆ. ನನ್ನದರಲ್ಲಿ ಬರುತ್ತಿಲ್ಲ. ನಕಲಿಯೇ?

ಉತ್ತರ: ನಕಲಿ ಇರಲಾರದು. ಆ ಸುಳಿ ಬರುವುದು ಚೌಕಟ್ಟಿನ ಅಂಚಿನಲ್ಲಿ. ಅಂಚಿಗೆ ಓರೆಯಾಗಿ ಬರುವ ಬೆಳಕನ್ನು ಲೆನ್ಸಿನ ಅಂಚುಗಳು ಎರಡೂ ಕಡೆ ಕತ್ತರಿಸುತ್ತವೆ. ದುಂಡಗಿರಬೇಕಾದ ಬೆಳಕಿನ ಚುಕ್ಕೆ ಬಾದಾಮಿಯಾಕಾರ ತಾಳುತ್ತದೆ. ಆ ಬಾದಾಮಿಗಳೆಲ್ಲ ನಡುವನ್ನು ಸುತ್ತುವರಿದು ನಿಂತಾಗ ಸುಳಿಯಂತೆ ಕಾಣುತ್ತದೆ. ಈ ವಿನ್ಯಾಸದಲ್ಲಿ ಅಂಚಿನ ದೋಷಗಳನ್ನು ಪೂರ್ತಿ ತಿದ್ದಿಲ್ಲದಿರುವುದೂ ಅದಕ್ಕೆ ಕೂಡುತ್ತದೆ. ಎ6400ರಲ್ಲಿರುವಂಥ ಚಿಕ್ಕ ಎಪಿಎಸ್-ಸಿ ಸೆನ್ಸರ್ ಕತ್ತರಿಸಿ ಎಸೆಯುವುದು ಆ ಅಂಚನ್ನೇ. ಫಿಲ್ಮಿನಷ್ಟೇ ದೊಡ್ಡ ಸೆನ್ಸರಿರುವ ಫುಲ್ ಫ್ರೇಂ ಬಾಡಿ ಇಲ್ಲದಿದ್ದರೆ 0.71 ಪಟ್ಟಿನ ಫೋಕಲ್ ರೆಡ್ಯೂಸರ್ (ನೋಟವನ್ನು ಕುಗ್ಗಿಸಿ ಚಿಕ್ಕ ಸೆನ್ಸರಿನಲ್ಲಿ ಕೂರಿಸುವ, ಗಾಜಿರುವ ಅಡಾಪ್ಟರ್) ಹಾಕಿದರೆ ಬಹುಪಾಲು ವಾಪಸು ಬರುತ್ತದೆ.

ಇನ್ನು ತೆಗೆಯುವ ಬಗೆ. ಅಪರ್ಚರ್ ಎಫ್/2. ವ್ಯಕ್ತಿ ಒಂದೂವರೆ–ಎರಡು ಮೀಟರ್ ದೂರದಲ್ಲಿ, ಚೌಕಟ್ಟಿನ ನಡುವೆ. ಅವರ ಹಿಂದೆ ಐದಾರು ಮೀಟರಿನಲ್ಲಿ ಎಲೆಗಳ ನಡುವೆ ಆಕಾಶ ತೂರಿ ಬರುವ ಮರ: ಹುಣಸೆ, ಗುಲ್‌ಮೊಹರಿನಂಥ ಸಣ್ಣೆಲೆಯದಾದರೆ ಸೊಗಸು. ಹಿಂದೆ ಬಿಳಿಗೋಡೆ ಇದ್ದರೆ ಯಾವ ಲೆನ್ಸೂ ಸುಳಿ ಕೊಡದು. ಎಫ್/4ಕ್ಕೆ ಇಳಿಸಿದರೆ ಸುಳಿ ಮಾಯ.

ಪ್ರಶ್ನೆ (ಬೆಂಗಳೂರು): ಹೊಸ 50 ಮಿ.ಮೀ. ಎಫ್/1.8 ಲೆನ್ಸ್ ಇದಕ್ಕಿಂತ ಶಾರ್ಪ್, ಆಟೊಫೋಕಸ್ ಬೇರೆ. ಹಾಗಿದ್ದೂ ಹಳೆಯದರ ಹಿಂದೆ ಬೀಳುವುದು ಹುಚ್ಚಲ್ಲವೇ?

ಉತ್ತರ: ಮದುವೆ ಮನೆ ಕೆಲಸಕ್ಕಾದರೆ ಹೊಸದೇ ಸರಿ, ತಾಳಿ ಕಟ್ಟುವ ಗಳಿಗೆ ನಿಮ್ಮ ಫೋಕಸ್ ರಿಂಗಿಗಾಗಿ ಕಾಯುವುದಿಲ್ಲ. ಹಳೆಯದರ ಆಕರ್ಷಣೆ ಬೇರೆಡೆ ಇದೆ. ಹೀಲಿಯೋಸ್ 44, ಜರ್ಮನಿಯ ಕಾರ್ಲ್ ಝೈಸ್ ಯೇನಾ ಕಂಪನಿಯ 58 ಮಿ.ಮೀ. ಬಯೋಟಾರ್ ಮಾದರಿಯದು, ನಾಲ್ಕು ಗುಂಪಿನಲ್ಲಿ ಆರು ಗಾಜುಗಳು. ಹೊಸ ಲೆನ್ಸ್ ದೋಷಗಳನ್ನು ಗಾಜಿನಲ್ಲೂ, ಉಳಿದದ್ದನ್ನು ಕ್ಯಾಮೆರಾದ ಸಾಫ್ಟ್‌ವೇರಿನಲ್ಲೂ ತಿದ್ದಿ ಕೊಡುತ್ತದೆ. ಹಳೆಯದು ಹೇಗಿದೆಯೋ ಹಾಗೆಯೇ ಕೊಡುತ್ತದೆ: ಎದುರು ಬಿಸಿಲಿಗೆ ಚಿತ್ರವೆಲ್ಲ ತೇಲಿದಂತಾಗುವುದು, ಮೃದುವಾದ ಅಂಚು, ಸುಳಿ. ಇವು ಹುಟ್ಟುಗುಣ, ಸುಟ್ಟರೂ ಹೋಗದು. ಬೇಕೆಂದೇ ಕೊಳ್ಳುವುದು ಇದಕ್ಕಾಗಿ. ಬೂಷ್ಟು, ಮಬ್ಬು, ಅಂಟಿದ ಬ್ಲೇಡು (ಅಪರ್ಚರ್ ಕಿಂಡಿ ಕಿರಿದಾಗಿಸುವ ತೆಳು ಹಲಗೆ) ಹುಟ್ಟುಗುಣವಲ್ಲ, ರೋಗ. ಮಾರುವವರು ಎರಡನ್ನೂ ‘ವಿಂಟೇಜ್ ಲುಕ್’ ಎಂದೇ ಕರೆಯುತ್ತಾರೆ, ಹುಷಾರು.

ಪ್ರಶ್ನೆ (ಹುಬ್ಬಳ್ಳಿ): ಪೆಂಟಾಕ್ಸ್ ಸೂಪರ್ ಟಕುಮಾರ್ 50 ಮಿ.ಮೀ. ಎಫ್/1.4ರ ಗಾಜು ಚಹಾ ಬಣ್ಣಕ್ಕೆ ತಿರುಗಿದೆ. ವಿಕಿರಣ ಇದೆಯಂತೆ, ಹೌದೇ?

ಉತ್ತರ: ಹೌದು, ಏಳು ಗಾಜಿನ ಆವೃತ್ತಿಯಲ್ಲಿ ಥೋರಿಯಂ ಬೆರೆಸಿದ ಗಾಜಿದೆ. ಆ ವಿಕಿರಣವೇ ವರ್ಷಾಂತರದಲ್ಲಿ ಗಾಜನ್ನು ಹಳದಿ ಮಾಡುವುದು. ಮಾಮೂಲಿ ಬಳಕೆಗೆ ಅಪಾಯವಿಲ್ಲ. ಗಾಜನ್ನು ಉಜ್ಜಿ ಪುಡಿ ಮಾಡಬೇಡಿ, ಭೂತಗನ್ನಡಿಯಂತೆ ಕಣ್ಣಿಗೆ ಹಿಡಿದು ಕೂರಬೇಡಿ. ಯುವಿ ಎಲ್‌ಇಡಿ ದೀಪದ ಕೆಳಗೆ, ಹಿಂಬದಿ ಗಾಜು ದೀಪದತ್ತ ಮಾಡಿ, ಕೆಲವು ದಿನ ಇಟ್ಟರೆ ಬಣ್ಣ ಬಹುತೇಕ ಇಳಿಯುತ್ತದೆ. ದೀಪವನ್ನು ನೇರ ನೋಡಬೇಡಿ. ಬಿಸಿಲಿನಲ್ಲೂ ಆಗುತ್ತದೆ, ಆದರೆ ಗಾಜು ಬಿಸಿಲನ್ನು ಒಂದೆಡೆ ಕೂಡಿಸಿ ಬಟ್ಟೆ, ಕಾಗದಕ್ಕೆ ಬೆಂಕಿ ಹಚ್ಚಬಲ್ಲದು, ಗ್ರೀಸೂ ಕರಗುತ್ತದೆ. ದೀಪವೇ ಮೇಲು.

ಪ್ರಶ್ನೆ (ಸಾಗರ): ಸೆಕೆಂಡ್‌ಹ್ಯಾಂಡ್ ಲೆನ್ಸೊಂದರೊಳಗೆ ಹತ್ತಿಯ ಎಳೆಯಂಥದ್ದು ಕಾಣುತ್ತಿದೆ. ಮಾರುವವರು ಬರೀ ಧೂಳು ಎನ್ನುತ್ತಾರೆ. ಕೊಳ್ಳಲೇ?

ಉತ್ತರ: ಬೇಡ. ಧೂಳು ಚುಕ್ಕಿಯಾಗಿರುತ್ತದೆ, ಕವಲೊಡೆಯುವುದಿಲ್ಲ. ಎಳೆಯೆಳೆಯಾಗಿ ಕವಲೊಡೆದಿದ್ದರೆ ಅದು ಫಂಗಸ್, ಅಂದರೆ ಬೂಷ್ಟು. ಅದು ಒಸರುವ ಆಮ್ಲ ಕೋಟಿಂಗನ್ನೂ ಕೆಳಗಿನ ಗಾಜನ್ನೂ ತಿನ್ನುತ್ತದೆ. ಬಿಚ್ಚಿ ಒರೆಸಿದ ಮೇಲೂ ತಿಂದ ಗುರುತು ಉಳಿಯುತ್ತದೆ.

ಯಾವ ಹಳೇ ಲೆನ್ಸನ್ನೂ ಹೀಗೆ ನೋಡಿ: ಅಪರ್ಚರ್ ಪೂರ್ತಿ ತೆರೆದು, ಕತ್ತಲ ಕೋಣೆಯಲ್ಲಿ ಹಿಂದಿನಿಂದ ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು ಮುಂದಿನಿಂದ ಇಣುಕಿ. ಗಾಜೆಲ್ಲ ಉಸಿರು ಊದಿದಂತೆ ಸಮನಾಗಿ ಮಂಕಾಗಿದ್ದರೆ ಗ್ರೀಸಿನ ಆವಿ ಕೂತಿದೆ. ಅದನ್ನು ಬಿಚ್ಚಿ ಒರೆಸಬಹುದು. ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣವಿದ್ದರೆ ಎರಡು ಗಾಜುಗಳ ನಡುವಿನ ಅಂಟು ಬಿಟ್ಟಿದೆ, ಅದರ ರಿಪೇರಿ ಲೆನ್ಸಿನ ಬೆಲೆಯನ್ನೇ ಮೀರುತ್ತದೆ. ಬ್ಲೇಡಿನ ಮೇಲೆ ಎಣ್ಣೆ ಮಿನುಗಿದರೆ ಹೀಲಿಯೋಸ್ 44-2ರಲ್ಲಿ ತಲೆ ಕೆಡಿಸಿಕೊಳ್ಳಬೇಡಿ, ಬ್ಲೇಡು ತಿರುಗಿಸುವುದು ನಿಮ್ಮ ಕೈಯೇ. ಸ್ಪ್ರಿಂಗಿನಿಂದ ತಾನೇ ಮುಚ್ಚುವ ಲೆನ್ಸುಗಳಲ್ಲಾದರೆ ಅದು ಅಂಟಿಕೊಂಡು ನಿಧಾನವಾಗುತ್ತದೆ. ಫೋಕಸ್ ರಿಂಗ್ ಬಿಗಿಯಾಗಿದ್ದರೆ ಗ್ರೀಸ್ ಒಣಗಿದೆಯೆಂದರ್ಥ. ಹೊರಗಿನಿಂದ ಎಣ್ಣೆ ಬಿಡಬೇಡಿ, ಅದು ಹರಿದು ಬ್ಲೇಡಿಗೇ ಹೋಗುತ್ತದೆ.

ನಿಮ್ಮ ಮಳೆಗಾಲಕ್ಕೆ ಜಾಗ್ರತೆ ಇನ್ನೂ ಹೆಚ್ಚು ಬೇಕು. ರಬ್ಬರ್ ಅಂಚಿನ ಗಾಳಿಯಾಡದ ಡಬ್ಬ, ಒಳಗೊಂದು ಪುಟ್ಟ ತೇವಾಂಶ ಮಾಪಕ, ಬಣ್ಣ ಬದಲಿಸುವ ಸಿಲಿಕಾ ಜೆಲ್. ಮಾಪಕ 40ರಿಂದ 50ರೊಳಗಿರಲಿ. 60 ದಾಟಿದರೆ ಜೆಲ್ ತೆಗೆದು ಬಿಸಿ ಮಾಡಿ ಒಣಗಿಸಿ ಮತ್ತೆ ಇಡಿ. ಅಕ್ಕಿಯಲ್ಲಿ ಹೂತಿಡಿ ಎನ್ನುವವರ ಮಾತು ಕೇಳಬೇಡಿ; ಅಕ್ಕಿಯ ಹುಡಿ ಹೆಲಿಕಾಯ್ಡಿಗೆ (ಫೋಕಸ್ ರಿಂಗಿನೊಳಗಿನ ತಿರುಪು) ಸೇರುತ್ತದೆ, ಅಕ್ಕಿ ಅನ್ನಕ್ಕಿರಲಿ. ಲೆನ್ಸಿನ ಜೊತೆ ಬಂದ ಹಳೇ ಚರ್ಮದ ಚೀಲ ಎಷ್ಟೇ ಚೆಂದವಿರಲಿ, ಡಬ್ಬದೊಳಗೆ ಬೇಡ. ತೇವ ಹಿಡಿದಿಡುವುದೂ ಅದೇ, ಬೂಷ್ಟು ಮೊದಲು ಹತ್ತುವುದೂ ಅದಕ್ಕೇ.