ಎಳೆದೊಯ್ಯುವ ಫಿರಂಗಿಯ ಚಕ್ರಗಳಿಗೆ ಸ್ಪ್ರಿಂಗ್ ಇದ್ದರೆ, ಗುಂಡು ಹಾರಿಸುವಾಗ ಗುರಿ ತಪ್ಪುವುದಿಲ್ಲವೇ?

ತಪ್ಪುತ್ತದೆ. ಅದಕ್ಕೇ ಹಾರಿಸುವ ಮೊದಲು ಸ್ಪ್ರಿಂಗ್ ಕೆಲಸ ಮಾಡದ ಹಾಗೆ ಬಿಗಿದುಬಿಡುತ್ತಾರೆ. ಸಸ್ಪೆನ್ಷನ್, ಅಂದರೆ ಕುಲುಕಾಟ ತಡೆಯುವ ಈ ವ್ಯವಸ್ಥೆ, ಬೇಕಿರುವುದು ದಾರಿಯಲ್ಲಿ ಮಾತ್ರ.

ಗುಂಡು ಹೊರಟಾಗ ನಳಿಗೆ ಹಿಂದಕ್ಕೆ ಒದೆಯುತ್ತದೆ. ನಳಿಗೆ ಇರುವುದು ನೆಲಕ್ಕಿಂತ ಎತ್ತರದಲ್ಲಿ. ಗಾಡಿಯನ್ನು ಹಿಡಿದು ನಿಲ್ಲಿಸುವುದೋ, ಹಿಂದಿನ ಉದ್ದ ಕಾಲುಗಳ ತುದಿಯಲ್ಲಿ ಮಣ್ಣು ಕಚ್ಚಿಕೊಂಡಿರುವ ಉಕ್ಕಿನ ಹಲಗೆ. ಹಾಗಾಗಿ ಪ್ರತಿ ಒದೆತವೂ ಗಾಡಿಯ ಮುಂಭಾಗವನ್ನು ಮೇಲೆತ್ತಲು ನೋಡುತ್ತದೆ. ನಡುವೆ ಸ್ಪ್ರಿಂಗ್ ಇದ್ದರೆ ಅದು ಹಿಗ್ಗಿ, ಮತ್ತೆ ಕುಗ್ಗಿ, ಇಡೀ ಫಿರಂಗಿ ತೂಗಾಡುತ್ತದೆ. ಪ್ರತಿ ಸಲ ಹೊಸದಾಗಿ ಗುರಿ ಇಡಬೇಕಾಗುತ್ತದೆ. ದೂರಕ್ಕೆ ಹಾರಿಸುವಾಗ ನಳಿಗೆಯ ಕೋನ ಕೂದಲೆಳೆಯಷ್ಟು ಬದಲಾದರೂ ಗುಂಡು ಬೀಳುವ ಜಾಗ ಜಾಸ್ತಿನೇ ಬದಲಾಗುತ್ತದೆ, ಅಲ್ವಾ?

ಹಾಗಾದರೆ ಸ್ಪ್ರಿಂಗ್ ಯಾಕೆ ಬೇಕು? ಕುದುರೆಗಳು ನಿಧಾನವಾಗಿ ಎಳೆಯುತ್ತಿದ್ದ ಕಾಲದಲ್ಲಿ ಅನೇಕ ಫಿರಂಗಿಗಳಿಗೆ ಅದು ಇರಲೇ ಇಲ್ಲ. ಲಾರಿ ಎಳೆಯಲು ಶುರುವಾದ ಮೇಲೆ ವೇಗ ಹೆಚ್ಚಿತು. ಕುಲುಕಾಟಕ್ಕೆ ಚಕ್ರ, ಅಚ್ಚು, ಗುರಿ ನೋಡುವ ಉಪಕರಣ ಎಲ್ಲವೂ ಹಾಳಾಗುತ್ತವೆ.

ಎರಡನೇ ಮಹಾಯುದ್ಧದ ಜರ್ಮನ್ ಪಾಕ್ 38 ನನಗೆ ತುಂಬಾ ಇಷ್ಟವಾದ ಪರಿಹಾರ. ಇದು 50 ಮಿ.ಮೀ. ಟ್ಯಾಂಕ್ ನಿರೋಧಕ ಫಿರಂಗಿ. ಇದರಲ್ಲಿ ಸ್ಪ್ರಿಂಗ್ ಆಗಿ ಟಾರ್ಷನ್ ಬಾರ್, ಅಂದರೆ ತಿರುಚಿಕೊಂಡು ಏಟು ತಡೆಯುವ ಉಕ್ಕಿನ ಸರಳು ಇತ್ತು. ಹಿಂದಿನ ಎರಡು ಕಾಲುಗಳನ್ನು ಅಗಲಿಸಿದರೆ ಸಾಕು, ಸಸ್ಪೆನ್ಷನ್ ತಾನಾಗಿಯೇ ಲಾಕ್ ಆಗುತ್ತಿತ್ತು. ಹೇಗಿದ್ದರೂ ಕಾಲು ಅಗಲಿಸದೆ ಹಾರಿಸುವಂತಿಲ್ಲ. ಹಾಗಾಗಿ ಗಡಿಬಿಡಿಯಲ್ಲೂ ಸೈನಿಕ ಲಾಕ್ ಮಾಡಲು ಮರೆಯುವ ಮಾತೇ ಇಲ್ಲ.

ಸೋವಿಯತ್‌ನ 122 ಮಿ.ಮೀ. ಡಿ-30 ಇನ್ನೂ ಮುಂದೆ ಹೋಯಿತು. ಹಾರಿಸುವಾಗ ಅದರ ಚಕ್ರಗಳೇ ನೆಲ ಬಿಟ್ಟು ಮೇಲಿರುತ್ತವೆ, ಫಿರಂಗಿ ಮೂರು ಕಾಲುಗಳ ಮೇಲೆ ಕೂರುತ್ತದೆ.