ನಿಮ್ಮ ಕತೆಗೆ ಇನ್ನಷ್ಟು ಥಂಡಿ ಬೇಕು

ಪ್ರಿಯರೇ,

ಕಾರವಾರದಿಂದ ಕಳಿಸಿದ ಕತೆ ಓದಿದೆ. ಬೈತಖೋಲ ಬಂದರಿನಲ್ಲಿ ಬಲೆ ದುರಸ್ತಿ ಮಾಡುವ ಅಪ್ಪ, ನೇತ್ರಾಣಿಯಲ್ಲಿ ಡೈವಿಂಗ್ ಕಲಿತು ಸ್ಕಾಟ್ಲೆಂಡಿಗೆ ಹೋಗುವ ಮಗಳು: ಮೊದಲ ಎರಡು ಪುಟಕ್ಕೆ ಕತ್ತರಿ ಬೇಕಿಲ್ಲ. ಅವಳು ಅಲ್ಲಿನ ಸ್ಕಾಪಾ ಫ್ಲೋ ಕೊಲ್ಲಿಯಲ್ಲಿ ಮುಳುಗುಹಾಕಿದ ಮೇಲೆ ಮಾತ್ರ ಕತೆ ಕೈಕೊಡುತ್ತದೆ. ಊರಿನ ಹೆಸರು ಬದಲಾಯಿತು, ನೀರು ನೇತ್ರಾಣಿಯದೇ ಉಳಿಯಿತು.

15 ಮೀಟರ್ ಆಳದಲ್ಲಿ ಜರ್ಮನ್ ಯುದ್ಧನೌಕೆ ಎಂದಿದ್ದೀರಿ. ಅಲ್ಲಿ ಮುಳುಗಿ ಉಳಿದಿರುವ ಮೂರು ದೊಡ್ಡ ಜರ್ಮನ್ ನೌಕೆಗಳು ಕೂತಿರುವ ತಳ 35 ಮೀಟರಿಗೂ ಕೆಳಗಿದೆ. ನಿಮಗೆ ಬೇಕಾದದ್ದು ಬುರ್ರಾ ಸೌಂಡ್ ಜಲಸಂಧಿ. ಮೊದಲ ಮಹಾಯುದ್ಧದಲ್ಲಿ ದಾರಿ ಮುಚ್ಚಲು ಬ್ರಿಟಿಷರೇ ಹಳೆಯ ಹಡಗುಗಳನ್ನು ಮುಳುಗಿಸಿದ ಜಾಗ ಅದು. ಸೆಳವು ಜೋರು, ಭರತ-ಇಳಿತಗಳ ನಡುವೆ ನೀರು ನಿಂತ ಅಲ್ಪ ಹೊತ್ತಿನಲ್ಲೇ ಇಳಿದು ಏಳಬೇಕು.

‘ಆಕ್ಸಿಜನ್ ಸಿಲಿಂಡರ್’ ಎಲ್ಲ ಕಡೆ ತೆಗೆಯಿರಿ. ತುಂಬಿಸುವುದು ಮಾಮೂಲಿ ಗಾಳಿ. ಶುದ್ಧ ಆಮ್ಲಜನಕವನ್ನು ಆ ಆಳದಲ್ಲಿ ಉಸಿರಾಡಿದರೆ ಫಿಟ್ಸ್ ಬಂದು ನಾಯಕಿ ಮೂರನೇ ಪುಟದಲ್ಲೇ ಮುಗಿದಾಳು. ಒಂದೂವರೆ ಗಂಟೆ ಒಳಗಿದ್ದಳು ಎಂಬುದೂ ಲೆಕ್ಕಕ್ಕೆ ಕೂರುವುದಿಲ್ಲ. 12 ಲೀಟರ್ ಸಿಲಿಂಡರಿಗೆ 200 ಬಾರ್ ಒತ್ತಡದಲ್ಲಿ ತುಂಬಿದರೆ 2,400 ಲೀಟರ್ ಗಾಳಿ. ಚಳಿ, ಭಯಕ್ಕೆ ಮೇಲ್ಮೈ ಲೆಕ್ಕದಲ್ಲಿ ನಿಮಿಷಕ್ಕೆ 30 ಲೀಟರ್ ಎಳೆದರೂ, 15 ಮೀಟರಿನಲ್ಲಿ ಎರಡೂವರೆ ಪಟ್ಟು ಒತ್ತಡ, ಅಂದರೆ 75 ಲೀಟರ್. ಪೂರ್ತಿ ಖಾಲಿಯಾಗಲು ಅರ್ಧ ಗಂಟೆ ಸಾಕು. ಹಡಗಿನೊಳಗೆ ಹೋಗುವವರು ಗಾಳಿಯ ಮೂರರಲ್ಲೊಂದು ಪಾಲು ಮುಗಿದೊಡನೆ ತಿರುಗುತ್ತಾರೆ.

‘ಗಾಳಿ ಇದ್ದಕ್ಕಿದ್ದಂತೆ ಮುಗಿಯಿತು’ ಎನ್ನುತ್ತೀರಿ. ಯಾಕೆ? ಕಾರಣ ನಿಮ್ಮ ಎದುರಿಗೇ ಇದೆ. ಸಿಲಿಂಡರಿನಿಂದ ಹೊರಟ ಗಾಳಿ ಹಿಗ್ಗುತ್ತಾ ತಣ್ಣಗಾಗುತ್ತದೆ. ಏಪ್ರಿಲ್‌ನ ಆ ಕೊರೆಯುವ ನೀರಿನಲ್ಲಿ ಸಿಲಿಂಡರಿನ ಗಾಳಿಯನ್ನು ಬಾಯಿಗೆ ಹದವಾಗಿ ಕೊಡುವ ರೆಗ್ಯುಲೇಟರಿನ ಬಿಡಿಭಾಗಕ್ಕೆ ಹಿಮ ಕಟ್ಟಿ ವಾಲ್ವ್ ತೆರೆದಲ್ಲೇ ಸಿಕ್ಕಿಕೊಳ್ಳಬಹುದು. ಆಗ ಬಾಯಿಗೆ ಗಾಳಿ ನುಗ್ಗಿ, ಕೆಲವೇ ನಿಮಿಷದಲ್ಲಿ ಸಿಲಿಂಡರ್ ಬರಿದು. ಜೊತೆಗಾರನ ಹೆಚ್ಚುವರಿ ರೆಗ್ಯುಲೇಟರ್ ಹಿಡಿಯಬೇಕು. ದಪ್ಪ ಕೈಗವಸಿನೊಳಗೆ ಬೆರಳು ಮರಗಟ್ಟಿವೆ. ಮೇಲೆದ್ದ ಗುಳ್ಳೆಗಳು ಛಾವಣಿಯ ತುಕ್ಕನ್ನು ಉದುರಿಸಿ ಟಾರ್ಚನ್ನೂ ನುಂಗುತ್ತಿವೆ. ವಾಪಸು ದಾರಿ ತೋರುವ ಹಗ್ಗದ ರೀಲ್ ಕಟ್ಟಿಕೊಳ್ಳದೆ ಒಳಹೊಕ್ಕಿದ್ದಾಳೆ. ಇಷ್ಟಿದ್ದೂ ನೀವು ಶಾರ್ಕ್ ಕರೆತಂದಿದ್ದೀರಲ್ಲ!

3 ಮಿಲಿಮೀಟರ್ ವೆಟ್‌ಸೂಟ್ ಬದಲಿಸಿ, ನೀರು ಒಳಬಿಡದ ಡ್ರೈಸೂಟ್ ಹಾಕಿಸಿ. ಅದರೊಳಗಿನ ಗಾಳಿ ತೇಲಿಸುವುದರಿಂದ ಸೊಂಟಕ್ಕೆ ಸೀಸದ ತೂಕ ಹೆಚ್ಚು ಬೇಕು. ತಲೆ ಕೆಳಗಾದರೆ ಗಾಳಿ ಕಾಲಿಗೇರಿ ಬುಡಮೇಲಾಗಿ ತೇಲಿಸುತ್ತದೆ.

ಕೊನೆಗೆ ಅವಳು ಹಡಗಿನ ಗಂಟೆ ಬ್ಯಾಗಿಗಿಟ್ಟು ವಿಮಾನ ಹತ್ತುತ್ತಾಳೆ. ಬ್ರಿಟನ್ನಿನಲ್ಲಿ ಮುಳುಗಿದ ಹಡಗಿನಿಂದ ವಸ್ತು ತಂದವರು 28 ದಿನದೊಳಗೆ ಸರ್ಕಾರಿ ಅಧಿಕಾರಿಗೆ ತಿಳಿಸಬೇಕು. ಗಂಟೆ ಇದ್ದಲ್ಲೇ ಇರಲಿ. ತಿದ್ದಿದ ಪ್ರತಿ 2,000 ಪದ ಮೀರದಂತೆ ಕಳಿಸಿ.

ಸಂಪಾದಕ